ಮಂಜು, ಇಬ್ಬನಿ, ಹಿಮ: ಚಳಿಗಾಲದ ಹವಾಮಾನ ಮುನ್ಸೂಚನೆ ಕುರಿತು ರಾಜೀವನಗರ ಮತ್ತು ಸುತ್ತಲಿನ ನಾಗರಿಕರಿಗೆ ಮಾಹಿತಿ

ಮೈಸೂರು ನಗರದ ಪೂರ್ವ ಭಾಗದ ರಾಜೀವನಗರ, ಉದಯಗಿರಿ ಮತ್ತು ಅಕ್ಕಪಕ್ಕದ ಬಡಾವಣೆಗಳ ನಾಗರಿಕರು ಡಿಸೆಂಬರ್ ಮತ್ತು ಜನವರಿ ಮಾಹೆಗಳಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳನ್ನು ವಿಚಾರಿಸುತ್ತಾರೆ. ಶೀತಗಾಳಿ ಘೋಷಣೆಯಾಗಿದೆಯೇ ಎಂಬುದು ಒಂದು. ಊರಿನ ಜಮೀನಿನಲ್ಲಿ ಮಂಜು ಬಿದ್ದು ಬೆಳೆ ಹಾಳಾಗಿದೆ, ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದೇ ಎಂಬುದು ಮತ್ತೊಂದು. ಎರಡಕ್ಕೂ ಉತ್ತರವು ಬಹುಮಟ್ಟಿಗೆ ಪದಗಳ ಅರ್ಥವನ್ನು ಅವಲಂಬಿಸಿದೆ. ಪತ್ರಿಕೆಯ ತಲೆಬರಹದಲ್ಲಿರುವ ಶೀತಗಾಳಿಗೂ ಹವಾಮಾನ ಇಲಾಖೆಯ ಕಡತದಲ್ಲಿರುವ ಶೀತಗಾಳಿಗೂ ವ್ಯತ್ಯಾಸವಿದೆ. ಅರ್ಜಿದಾರರು ಬರೆಯುವ ಮಂಜಿಗೂ ಪರಿಹಾರದ ಪಟ್ಟಿಯಲ್ಲಿರುವ ಹಿಮಕ್ಕೂ ಇರುವ ಅಂತರ ಅದಕ್ಕಿಂತ ದೊಡ್ಡದು. ಈ ಕಾರಣದಿಂದ ಸದರಿ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಮಂಜು ಎಂದರೆ ಯಾವುದು?

ನಮ್ಮ ಆಡುಮಾತಿನಲ್ಲಿ ಮಂಜು ಎಂಬ ಒಂದೇ ಪದವು ಹಲವು ಕೆಲಸ ಮಾಡುತ್ತದೆ. ಬೆಳಗಿನ ಜಾವ ಎದುರಿನ ರಸ್ತೆ ಕಾಣದಂತೆ ಕವಿಯುವುದೂ ಮಂಜು, ಹುಲ್ಲಿನ ಮೇಲೆ ಕೂರುವ ಹನಿಯೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಹವಾಮಾನ ಶಾಸ್ತ್ರದಲ್ಲಿ ಇವು ಬೇರೆ ಬೇರೆ. ಗಾಳಿಯಲ್ಲಿ ತೇಲುವ ಅತಿ ಸಣ್ಣ ನೀರಹನಿಗಳಿಂದ 1,000 ಮೀಟರ್‌ಗಿಂತ ಆಚೆ ಕಣ್ಣಿಗೆ ಕಾಣದಂತಾದರೆ ಅದು ದಟ್ಟಣೆಗೆ ತಕ್ಕಂತೆ ಮಂಜು ಎನಿಸುತ್ತದೆ. ತಣ್ಣಗಾದ ಎಲೆ, ಕಲ್ಲು ಅಥವಾ ವಾಹನದ ಮೇಲೆ ಗಾಳಿಯ ತೇವವು ನೀರಾಗಿ ನಿಂತರೆ ಅದು ಇಬ್ಬನಿ. ಅದೇ ಎಲೆಯ ಮೈ ಸೊನ್ನೆ ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ತೇವವು ಬಿಳಿಯ ಹರಳಾಗಿ ಹೆಪ್ಪುಗಟ್ಟಿದರೆ ಮಾತ್ರ ಅದನ್ನು ಈ ಬರಹದಲ್ಲಿ ಹಿಮ ಎಂದು ಕರೆಯಲಾಗಿದೆ.

ಈ ಮೂರರ ಪರಿಣಾಮಗಳೂ ಒಂದೇ ಅಲ್ಲ. ಮಂಜು ಮತ್ತು ಇಬ್ಬನಿ ದಿನಗಟ್ಟಲೆ ಮುಂದುವರಿದರೆ ಎಲೆ ಒದ್ದೆಯಾಗಿಯೇ ಉಳಿದು ಟೊಮೆಟೊ, ಆಲೂಗಡ್ಡೆಗಳಲ್ಲಿ ಅಂಗಮಾರಿ ರೋಗ ಹರಡುತ್ತದೆ. ಅದು ರೋಗದಿಂದಾದ ನಷ್ಟ. ಹಿಮವು ಎಲೆಯೊಳಗಿನ ನೀರನ್ನೇ ಹೆಪ್ಪುಗಟ್ಟಿಸಿ, ಬಿಸಿಲೇರುತ್ತಲೇ ಗಿಡ ಸುಟ್ಟಂತೆ ಕಪ್ಪಾಗುವಂತೆ ಮಾಡುತ್ತದೆ. ಇನ್ನು ಇಬ್ಬನಿಯೆಲ್ಲವೂ ಕೇಡಲ್ಲ. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಅವರೆಕಾಯಿಗೆ ಸೊಗಡು ಹೆಚ್ಚು ಎಂಬ ಮಾತನ್ನು ಮೈಸೂರಿನ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೈಸೂರು ನಗರದಲ್ಲಿ ಹಿಮ ಬೀಳುವುದೇ? ನಗರದ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನವು 2012ರ ಜನವರಿ 16ರಂದು ದಾಖಲಾದ 7.7 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ದಾಖಲೆಯೂ ಇದರ ಸಮೀಪದ್ದೇ: 1884ರ ಜನವರಿ 13ರಂದು 7.8 ಡಿಗ್ರಿ. ನೆಲದ ಮೈ ಮಾಪಕದ ಅಂಕಿಗಿಂತ ಕೆಲವು ಡಿಗ್ರಿ ಹೆಚ್ಚು ತಣ್ಣಗಾಗುವುದುಂಟು. ಆದುದರಿಂದ ಮಾಪಕ 3 ಅಥವಾ 4 ಡಿಗ್ರಿ ತೋರಿಸುವಾಗಲೂ ಹುಲ್ಲಿನ ಮೇಲೆ ಹಿಮ ಕಾಣಬಹುದು. ಮೈಸೂರು ಆ ಮಟ್ಟಕ್ಕೂ ಇಳಿದಿಲ್ಲ. ನಮಗೆ ಹತ್ತಿರದ ಹಿಮದ ನೆಲವೆಂದರೆ ನೀಲಗಿರಿ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿಗೂ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲಕ್ಕೂ ಎತ್ತರದ ಅಂತರವೊಂದರಿಂದಲೇ ಒಂಬತ್ತು ಡಿಗ್ರಿಯಷ್ಟು ವ್ಯತ್ಯಾಸ ಬರುತ್ತದೆ. ಅಲ್ಲಿ ಚಳಿಗಾಲದಲ್ಲಿ ತಲೈಕುಂದ ಮುಂತಾದ ತಗ್ಗು ಪ್ರದೇಶಗಳ ಹುಲ್ಲು ಬೆಳ್ಳಗಾಗುತ್ತದೆ, ಚಹಾ ಮತ್ತು ತರಕಾರಿ ಬೆಳೆಗೆ ಹಾನಿಯಾಗುತ್ತದೆ. ಊಟಿ ಕ್ಯಾರೆಟ್ ಮಾರಿ ಜೀವಿಸುವ ತಳ್ಳುಗಾಡಿಯವರಿಗೆ ಆ ಹಿಮವು ದರದ ರೂಪದಲ್ಲಿ ತಲುಪಬಹುದು.

ಶೀತಗಾಳಿಯ ಲೆಕ್ಕ

ಶೀತಗಾಳಿ ಎಂಬ ಪದದಲ್ಲಿ ಗಾಳಿ ಇದೆ. ಆದರೆ ಘೋಷಣೆಗೆ ಗಾಳಿಯ ವೇಗ ಲೆಕ್ಕಕ್ಕೆ ಬರುವುದಿಲ್ಲ. ವಾಸ್ತವವಾಗಿ ನಮ್ಮ ಭಾಗದಲ್ಲಿ ಎಲೆ ಅಲುಗದ ರಾತ್ರಿಗಳೇ ಹೆಚ್ಚು ತಣ್ಣಗಿರುತ್ತವೆ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಎರಡು ಷರತ್ತುಗಳು ಏಕಕಾಲಕ್ಕೆ ಪೂರೈಸಬೇಕು. ಕನಿಷ್ಠ ತಾಪಮಾನವು 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜೊತೆಗೆ ಅದು ಆ ಸ್ಥಳದ ವಾಡಿಕೆಯ ಕನಿಷ್ಠ ತಾಪಮಾನಕ್ಕಿಂತ 4.5ರಿಂದ 6.4 ಡಿಗ್ರಿಯಷ್ಟು ಕೆಳಗಿರಬೇಕು. ಅಂತರವು 6.4 ಡಿಗ್ರಿಯನ್ನು ಮೀರಿದರೆ ತೀವ್ರ ಶೀತಗಾಳಿ. ತಾಪಮಾನವು 4 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದಲ್ಲಿ ವಾಡಿಕೆಯ ಲೆಕ್ಕ ಬೇಕಿಲ್ಲ. ಇಷ್ಟಾದರೂ, ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಇದೇ ಸ್ಥಿತಿ ಇದ್ದರೆ ಎರಡನೆಯ ದಿನ ಘೋಷಿಸಲಾಗುತ್ತದೆ.

ಮೈಸೂರಿನಲ್ಲಿ ಜನವರಿಯ ವಾಡಿಕೆಯ ಕನಿಷ್ಠ ತಾಪಮಾನ ಸುಮಾರು 16 ಡಿಗ್ರಿ. ಒಂದು ಬೆಳಗ್ಗೆ 11 ಡಿಗ್ರಿ ದಾಖಲಾಯಿತೆನ್ನೋಣ. ವಾಡಿಕೆಗಿಂತ 5 ಡಿಗ್ರಿ ಕಡಿಮೆ. ಮೈ ನಡುಗುವ ಚಳಿ. ಆದರೂ ಮೊದಲ ಷರತ್ತು ಪೂರೈಸದ ಕಾರಣ ಅದು ಶೀತಗಾಳಿಯಲ್ಲ. 2012ರ ಜನವರಿ 16ರ ಅಂಕಿಯನ್ನು ಇಟ್ಟು ನೋಡಿದರೆ ಎರಡು ಷರತ್ತುಗಳೂ ಪೂರೈಸಿ, ಅಂತರವು ತೀವ್ರದ ಮಟ್ಟವನ್ನೂ ದಾಟುತ್ತದೆ. ಲೆಕ್ಕಪತ್ರ ಓದಿ ಬಂದ ಈ ಬರಹಗಾರನಿಗೆ ಈ ನಿಯಮ ಅರ್ಥವಾಗುತ್ತದೆ. ಆದರೆ 10 ಡಿಗ್ರಿಯ ಗೆರೆಯು ಉತ್ತರದ ಬಯಲಿಗೆ ಒಪ್ಪುವಷ್ಟು ಮೈಸೂರಿಗೆ ಒಪ್ಪುವುದಿಲ್ಲ ಎಂಬುದು ವೈಯಕ್ತಿಕ ಅಭಿಪ್ರಾಯ. ಸ್ವೆಟರ್ ಇಲ್ಲದೆ ವರ್ಷ ಕಳೆಯುವ ಮನೆಗಳಿರುವ ಊರಿನಲ್ಲಿ 11 ಡಿಗ್ರಿಯೂ ದೊಡ್ಡ ಚಳಿಯೇ. ಘೋಷಣೆಯಾಗದ ಮಾತ್ರಕ್ಕೆ ಎಚ್ಚರಿಕೆ ಬೇಡವೆಂದು ಯಾರೂ ತಿಳಿಯಬಾರದು.

ಎರಡು ಬಗೆಯ ಚಳಿ

ನಮ್ಮ ಜಿಲ್ಲೆಯ ಚಳಿಗೆ ಎರಡು ಮೂಲಗಳಿವೆ. ಈಶಾನ್ಯದಿಂದ ಒಣ ಗಾಳಿ ಬಂದು ಆಕಾಶ ನಿರ್ಮಲವಾಗಿರುವಾಗ, ಹಗಲಿನಲ್ಲಿ ನೆಲ ಗಳಿಸಿದ ಶಾಖವೆಲ್ಲ ರಾತ್ರಿ ತಡೆಯಿಲ್ಲದೆ ಖರ್ಚಾಗುತ್ತದೆ. ಇಂತಹ ದಿನಗಳಲ್ಲಿ ಮಧ್ಯಾಹ್ನ ಬಿಸಿಲು ಚುರುಕಾಗಿದ್ದರೂ ಬೆಳಗಿನ ಜಾವ ಕಟುವಾಗಿರುತ್ತದೆ. ರಾತ್ರಿಯ ಅತಿ ತಣ್ಣನೆಯ ವೇಳೆ ಮಧ್ಯರಾತ್ರಿಯಲ್ಲ, ಸೂರ್ಯೋದಯದ ಆಸುಪಾಸು. ಜನವರಿ ಮಧ್ಯದಲ್ಲಿ ಮೈಸೂರಿನ ಸೂರ್ಯೋದಯ ಬೆಳಗ್ಗೆ ಸುಮಾರು 6.45ಕ್ಕೆ. ಹಾಲು, ಪತ್ರಿಕೆ ಹಂಚುವವರು, ಪೌರಕಾರ್ಮಿಕರು, ಮಾರುಕಟ್ಟೆಗೆ ಹೋಗುವವರು ಮನೆ ಬಿಡುವ ಹೊತ್ತೂ ಅದೇ.

ಎರಡನೆಯದು ಮೋಡದ ಚಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಥವಾ ಚಂಡಮಾರುತ ಉಂಟಾದಾಗ ಮೋಡವು ಹೊದಿಕೆಯಂತೆ ನಿಂತು ರಾತ್ರಿಯ ತಾಪಮಾನ ಇಳಿಯಲು ಬಿಡುವುದಿಲ್ಲ. ಆದರೆ ಬಿಸಿಲಿಲ್ಲದೆ ಹಗಲೆಲ್ಲ ಥಂಡಿ. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ಕರಾವಳಿ ದಾಟಿದ ಮ್ಯಾಂಡೌಸ್ ಮತ್ತು 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಾಟಿದ ಫೆಂಗಲ್ ಚಂಡಮಾರುತಗಳ ನಂತರದ ದಿನಗಳು ದಕ್ಷಿಣ ಕರ್ನಾಟಕದಲ್ಲಿ ಹೀಗೆಯೇ ಕಳೆದವು. ಜನರು ಅದನ್ನೂ ಶೀತಗಾಳಿ ಎಂದೇ ಕರೆದರು. ಕನಿಷ್ಠ ತಾಪಮಾನವೇ ಇಳಿಯದಿದ್ದಾಗ ಶೀತಗಾಳಿಯ ಪ್ರಶ್ನೆ ಉದ್ಭವಿಸುವುದಿಲ್ಲ.

ಮುನ್ಸೂಚನೆಯಲ್ಲಿ ಮೈಸೂರು "ದಕ್ಷಿಣ ಒಳನಾಡು" ಉಪವಿಭಾಗಕ್ಕೆ ಸೇರುತ್ತದೆ. ಬೀದರ್, ಕಲಬುರಗಿ, ವಿಜಯಪುರಗಳು ಉತ್ತರ ಒಳನಾಡಿನವು. ಅಲ್ಲಿಯ ಎಚ್ಚರಿಕೆ ನಮಗೆ ಅನ್ವಯಿಸುವುದಿಲ್ಲ. "ಒಂದೆರಡು ಕಡೆಗಳಲ್ಲಿ" ಎಂದರೆ ಉಪವಿಭಾಗದ ಕಾಲು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ ಕೇಂದ್ರಗಳಲ್ಲಿ ಎಂದರ್ಥ. ಇದನ್ನು ನಮ್ಮ ಬೀದಿಗೇ ಹೇಳಿದ್ದೆಂದು ಓದತಕ್ಕದ್ದಲ್ಲ. ಹೋಬಳಿ ಮಟ್ಟದ ಅಂಕಿಅಂಶ ಬೇಕಾದವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ವರುಣ ಮಿತ್ರ" ಸಹಾಯವಾಣಿಯಲ್ಲಿ ವಿಚಾರಿಸಬಹುದು.

ಮನೆಯೊಳಗಿನ ಅಪಾಯ

ಪ್ರಕಟವಾಗುವ ಅಂಕಿಯು ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಇಟ್ಟ ಮಾಪಕದ್ದು. ಶೀಟು ಹೊದಿಸಿದ ಒಂದು ಕೋಣೆಯ ಮನೆಯಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಚಳಿಯನ್ನು ಅದು ಅಳೆಯುವುದಿಲ್ಲ. ತೆಳುವಾದ ಶೀಟು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ; ಉಸಿರಿನ ತೇವ ಅದರ ಒಳಮೈಗೆ ತಗುಲಿ ಬೆಳಗಿನ ಜಾವ ಹನಿಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹಾಸಿಗೆಯ ಕೆಳಗೆ ಗೋಣಿಚೀಲ ಅಥವಾ ದಪ್ಪ ರಟ್ಟು ಹಾಕುವುದು, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ತೊಡಿಸುವುದು ಖರ್ಚಿಲ್ಲದ ಉಪಾಯಗಳು. ರಕ್ತದೊತ್ತಡ, ಹೃದ್ರೋಗ ಅಥವಾ ಉಬ್ಬಸ ಇರುವ ಹಿರಿಯರು ಬೆಳಗಿನ ವಾಯುವಿಹಾರವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳುವುದು ಒಳಿತು.

ಚಳಿಗಿಂತ ಹೆಚ್ಚು ಭಯಪಡಬೇಕಾದ್ದು ಕೆಂಡಕ್ಕೆ. 2025ರ ನವೆಂಬರ್ ಮಾಹೆಯಲ್ಲಿ ಬೆಳಗಾವಿ ನಗರದಲ್ಲಿ ಚಳಿ ಕಾಯಿಸಲು ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ್ದ ಮೂವರು ಯುವಕರು ಉಸಿರುಗಟ್ಟಿ ಮೃತಪಟ್ಟರು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಅಡಗಿತು, ಇನ್ನು ಕೆಂಡ ಮಾತ್ರ ಉಳಿದಿದೆ ಎಂದು ಒಳಗೆ ತರುವ ಹೊತ್ತಿನಲ್ಲಿಯೇ ಅದು ಹೆಚ್ಚು ಅಪಾಯಕಾರಿ. ಅಗ್ಗಿಷ್ಟಿಕೆಯನ್ನು ಹೊರಗೆ ಕಾಯಿಸಿಕೊಂಡು ಹೊರಗೇ ಬಿಟ್ಟು ಮಲಗತಕ್ಕದ್ದು. ತಲೆನೋವು, ವಾಕರಿಕೆ, ಮಂಪರು ಕಂಡಲ್ಲಿ ಮೊದಲು ಎಲ್ಲರನ್ನೂ ಬಯಲಿಗೆ ತಂದು ನಂತರ 108ಕ್ಕೆ ಕರೆ ಮಾಡುವುದು.

ಪರಿಹಾರದ ಅರ್ಜಿ

ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ನೀಡಬಹುದಾದ ವಿಪತ್ತುಗಳ ಪಟ್ಟಿಗೆ ಹಿಮ ಮತ್ತು ಶೀತಗಾಳಿಯನ್ನು 2012ರಲ್ಲಿ ಸೇರಿಸಲಾಯಿತು. 2022-23ರಿಂದ 2025-26ರವರೆಗಿನ ಅವಧಿಗೆ ನಿಗದಿಯಾದ ಮಾರ್ಗಸೂಚಿಯಂತೆ, ಬೆಳೆ ನಷ್ಟವು ಶೇಕಡ 33 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000 ಮತ್ತು ಬಹುವಾರ್ಷಿಕ ಬೆಳೆಗೆ ರೂ. 22,500 ಇನ್‌ಪುಟ್ ಸಹಾಯಧನವಾಗಿದ್ದು, 2 ಹೆಕ್ಟೇರ್ ಗರಿಷ್ಠ ಮಿತಿ ಇತ್ತು. ಜೀವಹಾನಿಗೆ ರೂ. 4 ಲಕ್ಷ, ಇದಕ್ಕೆ ಸಾವಿನ ಕಾರಣದ ಬಗ್ಗೆ ಸಕ್ಷಮ ಪ್ರಾಧಿಕಾರದ ದೃಢೀಕರಣ ಕಡ್ಡಾಯ. ನಂತರದ ಅವಧಿಯ ದರಗಳನ್ನು ಅರ್ಜಿ ಸಲ್ಲಿಸುವ ಮುನ್ನ ತಹಶೀಲ್ದಾರರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ರಾಜೀವನಗರದಲ್ಲಿ ವಾಸವಿದ್ದು ಬೇರೆ ತಾಲ್ಲೂಕಿನಲ್ಲಿ ಜಮೀನು ಹೊಂದಿರುವವರು ಜಮೀನು ಇರುವ ತಾಲ್ಲೂಕಿನಲ್ಲಿಯೇ ವಿಚಾರಿಸಬೇಕು. ಮೈಸೂರಿನ ತಾಪಮಾನ ಅಲ್ಲಿಗೆ ಸಾಕ್ಷಿಯಾಗುವುದಿಲ್ಲ. ನಷ್ಟವನ್ನು ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಜಂಟಿ ಸಮೀಕ್ಷೆಯಲ್ಲಿ ನಿರ್ಧರಿಸುತ್ತವೆ. ಅರ್ಜಿಯಲ್ಲಿ "ಮಂಜಿನಿಂದ ನಷ್ಟ" ಎಂದಷ್ಟೇ ಬರೆದರೆ ಅದು ಯಾವ ಮಂಜು ಎಂಬ ಪ್ರಶ್ನೆಯೊಂದಿಗೆ ಕಡತ ಹಿಂದಿರುಗುವ ಸಂಭವವುಂಟು. ಕಂಡದ್ದನ್ನು ಕಂಡಂತೆ ಬರೆಯುವುದು ಲೇಸು: ಯಾವ ದಿನಾಂಕ, ಎಷ್ಟು ಗಂಟೆ, ಎಲೆಯ ಮೇಲೆ ನೀರಿತ್ತೇ ಅಥವಾ ಬಿಳಿಯ ಹರಳಿತ್ತೇ, ಎಲೆ ಅದೇ ದಿನ ಕಪ್ಪಾಯಿತೇ ಅಥವಾ ಕೆಲವು ದಿನಗಳ ನಂತರ ಚುಕ್ಕೆ ಮೂಡಿತೇ. ರೋಗದಿಂದಾದ ನಷ್ಟವನ್ನು ಹಿಮವೆಂದು ಬರೆಸಿಕೊಡುವ ಮಧ್ಯವರ್ತಿಗಳಿದ್ದರೆ ಅವರಿಂದ ದೂರವಿರಬೇಕು. ಸಮೀಕ್ಷೆಯಲ್ಲಿ ಹವಾಮಾನ ಕೇಂದ್ರದ ಅಂಕಿಯೊಂದಿಗೆ ತಾಳೆಯಾಗದಿದ್ದರೆ ನಿಜವಾದ ನಷ್ಟವೂ ಅನುಮಾನಕ್ಕೆ ಒಳಗಾಗುತ್ತದೆ. ಛಾಯಾಚಿತ್ರ ತೆಗೆಯುವವರು ಬೆಳಗಾಗುತ್ತಲೇ ತೆಗೆಯತಕ್ಕದ್ದು. ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲಿ ಹಿಮ ಕರಗಿ ಇಬ್ಬನಿಯಂತೆಯೇ ಕಾಣುತ್ತದೆ.