ಓಬವ್ವನ ಗಂಡನ ಊಟ

ನವೆಂಬರ್ 11 ಮತ್ತೆ ಹತ್ರ ಬಂತು. 2021ರಿಂದ ಸರ್ಕಾರದೋರು ಅವತ್ತು ಒನಕೆ ಓಬವ್ವನ ಜಯಂತಿ ಮಾಡ್ತಾರೆ. ಶಾಲೆ ಹುಡುಗೀರು ಕಚ್ಚೆ ಸೀರೆ ಉಟ್ಕಂಡು, ರಟ್ಟಿನ ಒನಕೆ ಹಿಡ್ಕಂಡು ಸ್ಟೇಜ್ ಹತ್ತುತಾರೆ. ಮೈಕಿನ ಮುಂದೆ ಒಬ್ರಾದ ಮೇಲೆ ಒಬ್ರು ಅವಳ ಧೈರ್ಯ ಹೊಗಳ್ತಾರೆ. ಹೊಗಳ್ಲಿ, ಅವಳು ಹೊಗಳಿಸ್ಕಳೋ ಹೆಣ್ಣೇ. ದುರ್ಗದ ಸೀಮೆಯೋರಿಗೆ ಅವಳ ಹೆಸರು ಕೇಳಿದ್ರೆ ಇವತ್ತಿಗೂ ಮೈ ಜುಂ ಅಂತೈತೆ. ಆದ್ರೆ ಆ ಕತೆಯೊಳಗೆ ಒಂದು ಊಟ ಐತಲ್ಲ, ಅದರ ಬಗ್ಗೆ ಯಾವ ಭಾಷಣದೋರೂ ಬಾಯಿ ಬಿಡಲ್ಲ.

ಕತೆ ನಿಮಗೆಲ್ಲ ಗೊತ್ತಿರೋದೇ. ಮದಕರಿ ನಾಯಕನ ಕಾಲ. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದ. ಕಾವಲಿಗಿದ್ದ ಗಂಡ ಮಧ್ಯಾಹ್ನ ಮನೆಗೆ ಬಂದು ಉಣ್ಣಕ್ಕೆ ಕೂತ. ಕುಡಿಯಕ್ಕೆ ನೀರಿಲ್ಲ. ನೀರು ತರಕ್ಕೆ ಹೋದ ಓಬವ್ವನಿಗೆ ಕಿಂಡಿಯೊಳಗಿಂದ ಹೈದರನ ಮಂದಿ ತೂರ್ತಿರೋದು ಕಾಣ್ತು. ಉಣ್ಣೋ ಗಂಡನ್ನ ಎಬ್ಬಿಸಬಾರದು ಅಂತ ತಾನೇ ಒನಕೆ ತಗಂಡು ಹೋಗಿ ಕಿಂಡಿ ಬಾಯಲ್ಲಿ ನಿಂತ್ಲು. 1972ರ ನಾಗರಹಾವು ಸಿನಿಮಾದಲ್ಲಿ ಜಯಂತಿಯಮ್ಮ ಒನಕೆ ಎತ್ತಿ ನಿಂತಿದ್ದನ್ನ ನೋಡದಿರೋ ಹೆಂಗಸು ನಮ್ಮ ಕಡೆ ಯಾರವ್ರೆ ಹೇಳ್ರಿ.

ಸ್ವಲ್ಪ ಯೋಚ್ನೆ ಮಾಡ್ರವ್ವ. ಕೋಟೆ ಹೋಗೋ ಹೊತ್ತಿನಲ್ಲೂ ಗಂಡನ ಊಟ ಕೆಡಬಾರದು! ಓಬವ್ವನ್ನ ನಾನು ಬೈತಿಲ್ಲ. ಅವಳ ಕಾಲ ಹಂಗಿತ್ತು, ಅಷ್ಟರಲ್ಲೂ ಅವಳು ಕೋಟೆ ಕಾದ್ಲು. ನಾನು ಬೈತಿರೋದು ನಮ್ಮನ್ನ. ಅವಳು ಸತ್ತು ಇನ್ನೂರೈವತ್ತು ವರ್ಷ ಆಗ್ತಾ ಬಂತು, ಕೋಟೆ ಹೋಯ್ತು, ಪಾಳೇಗಾರಿಕೆ ಹೋಯ್ತು, ಆ ಊಟದ ಕಟ್ಟಳೆ ಮಾತ್ರ ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮನೆಗಳಲ್ಲಿ ಗಟ್ಟಿಯಾಗಿ ಕೂತೈತೆ.

ಉಣ್ಣಕ್ಕೆ ಕೂತೋರ್ನ ಎಬ್ಬಿಸಬಾರದು ಅನ್ನೋದು ಒಳ್ಳೇ ಮಾತೇ. ಆದ್ರೆ ಅದು ನಮಗ್ಯಾಕೆ ಅನ್ವಯಿಸಲ್ಲ? ಇವತ್ತು ರಾತ್ರಿ ನೀವು ತಟ್ಟೆ ಮುಂದೆ ಕೂತ ಮೇಲೆ ಎಷ್ಟು ಸಲ ಎದ್ರಿ ಅಂತ ಎಣಿಸಿ ನೋಡ್ರಿ. ಉಪ್ಪು ಅಂತ ಒಂದ್ಸಲ, ಮಜ್ಜಿಗೆ ಅಂತ ಒಂದ್ಸಲ, ಇನ್ನರ್ಧ ಮುದ್ದೆ ಅಂತ ಒಂದ್ಸಲ, ಗೇಟಿನ ಹತ್ರ ಯಾರೋ ಕೂಗಿದ್ರು ಅಂತ ಒಂದ್ಸಲ. ಬಹಳ ಮನೆಗಳಲ್ಲಿ ಎಣಿಸೋ ಪ್ರಸಂಗನೇ ಬರಲ್ಲ ಬಿಡ್ರಿ, ಎಲ್ಲರೂ ಉಂಡು ಕೈ ತೊಳೆದ ಮೇಲೆ ತಾನೇ ಆಯಮ್ಮ ಕೂರೋದು. ಅಷ್ಟೊತ್ತಿಗೆ ಮುದ್ದೆ ಕಲ್ಲಾಗಿರ್ತೈತೆ.

ಇಡೀ ಅಡುಗೆ ಬಿಟ್ಟು ಮುದ್ದೆ ಹಿಡ್ಕಂಡು ಯಾಕೆ ಜಗ್ತಿದೀಯ ಅಂತ ಕೇಳ್ತೀರಿ. ಹೇಳ್ತೀನಿ. ಬಸ್ಸಾರು ಬೆಳಿಗ್ಗೆ ಮಾಡಿಟ್ರೆ ರಾತ್ರಿಗೆ ಇನ್ನೂ ರುಚಿ. ಹುರುಳಿಕಾಳು ಸಾರು ಎರಡನೇ ದಿನಕ್ಕೆ ತಾನೇ ಹದಕ್ಕೆ ಬರೋದು. ಉಪ್ಪೆಸರಿನ ಖಾರ ಹಿಂದಿನ ರಾತ್ರಿ ರುಬ್ಬಿ ಇಟ್ರೂ ನಡೀತೈತೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಿಂಗಳುಗಟ್ಟಲೆ ಡಬ್ಬೀಲಿ ಇರ್ತಾವೆ. ಕೆಲಸಕ್ಕೆ ಹೋಗೋ ಹೆಂಗಸು ಇವನ್ನೆಲ್ಲ ತನ್ನ ಪುರುಸೊತ್ತಿಗೆ ಮಾಡ್ಕಬೋದು. ಮುದ್ದೆ ಹಂಗಲ್ಲ. ಅದು ಉಣ್ಣೋ ಹೊತ್ತಿಗೆ ಸರಿಯಾಗಿ ಕೋಲಿನಿಂದ ಇಳೀಬೇಕು. ಹಾಟ್‌ಬಾಕ್ಸಲ್ಲಿಟ್ರೆ ಒಂದೆರಡು ತಾಸು ಚೆನ್ನಾಗೇ ಇರ್ತೈತೆ, ಆದ್ರೆ ನಮ್ಮ ಯಜಮಾನರುಗಳು ಅದಕ್ಕೆ ‘ಡಬ್ಬಿ ಮುದ್ದೆ’ ಅಂತ ಹೆಸರಿಟ್ಟು ಮೂಗು ಮುರೀತಾರೆ. ಹಂಗಾಗಿ ಮನೇಲಿ ಯಾರು ಎಷ್ಟೊತ್ತಿಗೆ ಉಣ್ತಾರೋ ಅಷ್ಟೊತ್ತಿಗೆ ಒಬ್ಬ ಹೆಂಗಸು ಒಲೆ ಮುಂದೆ ಇರಲೇಬೇಕು. ನಮ್ಮನ್ನ ಮನೆಗೆ ಕಟ್ಟಿಹಾಕಿರೋ ಗೂಟ ಅದೇ.

ಇದು ಸುಮ್ಕೆ ಹೇಳೋ ಮಾತಲ್ಲ. ನಮ್ಮ ಬೀದೀಲೇ ಒಬ್ಬಾಕೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ಲು. ಹೆಸರು ಬ್ಯಾಡ, ನಿಮಗೆ ಗೊತ್ತಾದ್ರೂ ಗೊತ್ತಿಲ್ಲದಂಗೆ ಇರ್ರಿ. ಕೈಯಾಗೆ ತನ್ನದೇ ದುಡ್ಡು, ಮಗಳ ಟ್ಯೂಷನ್ ಫೀಸು ಅವಳೇ ಕಟ್ತಿದ್ಲು. ಬೆಳಿಗ್ಗೆ ನಾಕೂವರೆಗೆ ಎದ್ದು ಅನ್ನ, ಸಾರು, ಪಲ್ಯ ಎಲ್ಲ ಮಾಡಿಟ್ಟು ಹೋಗ್ತಿದ್ಲು. ಏಳು ತಿಂಗಳು ನಡೀತು. ಆಮೇಲೆ ಶುರುವಾಯ್ತು, ‘ಮಧ್ಯಾಹ್ನ ಬಿಸಿ ಮುದ್ದೆ ಇಲ್ದೆ ನಮ್ಮ ಮಗ ಇಳಿದು ಹೋದ’ ಅಂತ ಅತ್ತೆ, ‘ಅನ್ನ ಉಂಡ್ರೆ ಹೊಟ್ಟೆ ನಿಲ್ಲಲ್ಲ’ ಅಂತ ಗಂಡ. ಕೆಲಸ ಬಿಟ್ಲು. ಮಧ್ಯಾಹ್ನ ಒಂದು ಗಂಟೆಗೆ ಎರಡು ಮುದ್ದೆ ಕಟ್ಟಕ್ಕೆ ಒಂದು ಸಂಬಳ ಹೋಯ್ತು. ಅವಳ ಗಂಡ ಮಧ್ಯಾಹ್ನ ಮನೇಲೇ ಇರ್ತಾನೆ, ಅತ್ತೆಗೂ ಕೈಕಾಲು ಗಟ್ಟಿ. ನನಗೆ ಹೊಟ್ಟೆ ಉರಿಯೋದು ಅಲ್ಲಿ.

ನಮ್ಮ ದೊಡ್ಡವ್ವನೋರು ತಕ್ಷಣ ಹೇಳ್ತಾರೆ, ‘ಗಂಡಸ್ರು ಹೊಲ ತೋಟ ಅಂತ ದಣಿದು ಬಂದಿರ್ತಾರೆ ಕಣೇ’ ಅಂತ. ಸರಿ ದೊಡ್ಡವ್ವ. ಹೊಳಲ್ಕೆರೆ ಕಡೆ ಅಡಿಕೆ ಸುಗ್ಗೀಲಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋರಲ್ಲಿ ಹೆಂಗಸ್ರು ಎಷ್ಟು ಮಂದಿ ಅವ್ರೆ, ನೋಡಿಲ್ವಾ? ಅಡಿಕೆ ಚೊಗರಿಗೆ ಬೆರಳೆಲ್ಲ ಕಪ್ಪಾಗಿ ಸಿಬಿರು ಎದ್ದಿರ್ತೈತೆ, ಆ ಕೈಯಲ್ಲೇ ಬಂದು ಬಿಸಿ ಹಿಟ್ಟು ಮುಟ್ಟಬೇಕು. ಹಿರಿಯೂರು ಕಡೆ ಈರುಳ್ಳಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯೋರು, ಗಡ್ಡೆ ಕೊಯ್ದು ಹಸನು ಮಾಡೋರು ಯಾರು? ಒಂದೇ ಹೊಲದಿಂದ ಇಬ್ರೂ ಒಟ್ಟಿಗೆ ಮನೆಗೆ ಬರ್ತಾರೆ. ಒಬ್ರು ಕೈಕಾಲು ತೊಳ್ಕಂಡು ಜಗುಲಿ ಮೇಲೆ ಕೂತು ಫೋನ್ ಹಿಡೀತಾರೆ, ಇನ್ನೊಬ್ರು ಎಸರಿಡ್ತಾರೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಗಾದೆ. ನಮ್ಮಲ್ಲಿ ಕೈ ಒಬ್ರದು, ಬಾಯಿ ಇನ್ನೊಬ್ರದು ಆಗೈತೆ.

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯೋರು 2019ರಲ್ಲಿ ದೇಶದ ತುಂಬ ಮನೆ ಮನೆಗೆ ಹೋಗಿ ಯಾರು ದಿನದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೀತಾರೆ ಅಂತ ಬರ್ಕಂಡ್ರು. ಸಂಬಳ ಇಲ್ಲದ ಮನೆಗೆಲಸ ಮಾಡೋರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಂಗೆ ಮಾಡೋರಲ್ಲೂ ಹೆಂಗಸರದು ದಿನಕ್ಕೆ 299 ನಿಮಿಷ, ಗಂಡಸರದು 97. ಅಂದ್ರೆ ನಮ್ಮದು ಹತ್ರ ಹತ್ರ ಐದು ತಾಸು. ಇದು ವಾರಕ್ಕೊಂದು ದಿನ ರಜಾ ಇರೋ ಐದು ತಾಸಲ್ಲ, ಜ್ವರ ಬಂದ್ರೂ ಇರೋ ಐದು ತಾಸು.

ಇನ್ನೊಂದು ಮಾತು ಬಹಳ ಚಲಾವಣೆಯಲ್ಲೈತೆ: ‘ಗಂಡಸ್ರಿಗೆ ಅಡುಗೆ ಬರಲ್ಲ.’ ಇದಕ್ಕಿಂತ ದೊಡ್ಡ ಸುಳ್ಳು ನಮ್ಮ ಜಿಲ್ಲೇಲಿ ಇಲ್ಲ. ಯಾವ ಜಾತ್ರೆ ದಾಸೋಹಕ್ಕಾದ್ರೂ ಹೋಗ್ರಿ, ಯಾವ ಮದುವೆ ಮನೆ ಹಿತ್ತಲಿಗಾದ್ರೂ ಹೋಗ್ರಿ, ಕೊಪ್ಪರಿಗೆ ಪಕ್ಕ ಪಂಚೆ ಎತ್ತಿ ಕಟ್ಟಿ ಸೌಟು ಆಡಿಸೋರು ಗಂಡಸ್ರೇ. ಹಿರಿಯೂರಿಂದ ದುರ್ಗದವರೆಗೆ ಹೈವೇ ಪಕ್ಕದ ಮುದ್ದೆ ಹೋಟೆಲ್‌ಗಳ ಒಳಗೆ ಇಣುಕಿ ನೋಡ್ರಿ, ಒಂದೇ ಅಳತೇಲಿ ನುಣ್ಣಗೆ ಮುದ್ದೆ ಉರುಳಿಸ್ತಿರೋರು ಬಹುಪಾಲು ಗಂಡು ಹುಡುಗ್ರೇ. ಸಾವಿರ ಜನಕ್ಕೆ ಬೇಯಿಸೋ ಕೈಗೆ ನಾಕು ಜನಕ್ಕೆ ಬೇಯಿಸಕ್ಕೆ ಬರಲ್ಲ ಅಂದ್ರೆ ನಂಬಕ್ಕೆ ನಾವೇನು ಕಿವೀಲಿ ಹೂ ಇಟ್ಕಂಡಿದೀವಾ? ದುಡ್ಡು ಸಿಗೋ ಕಡೆ, ನಾಕು ಜನ ನೋಡೋ ಕಡೆ ಅಡುಗೆ ಬರ್ತೈತೆ. ಇದೇ ಕೆಲಸ ಹೆಂಗಸು ಹೊರಗೆ ಮಾಡಿದ್ರೆ ಏನಾಗ್ತೈತೆ ಅಂತಲೂ ನೋಡ್ರಿ. ಸರ್ಕಾರಿ ಶಾಲೆ ಬಿಸಿಯೂಟದ ಒಲೆ ಮುಂದೆ ನಿಂತಿರೋರು ಹೆಚ್ಚಾಗಿ ನಮ್ಮ ಅಕ್ಕತಂಗೇರು. ಅವರಿಗೆ ಕೊಡೋದಕ್ಕೆ ಸಂಬಳ ಅಂತ ಕರೆಯಲ್ಲ, ‘ಗೌರವಧನ’ ಅಂತಾರೆ.

ನಾಕು ಜನ ನೋಡೋ ಅಡುಗೆ ಅಂದ್ನಲ್ಲ, ಈಗ ಮನೆ ಮನೇಲಿ ಅದಕ್ಕೊಂದು ಹೊಸ ಹೆಸರು ಬಂದೈತೆ: ಭಾನುವಾರದ ಕೇಕು. ಕಾಲೇಜಿಗೆ ಹೋಗೋ ಮಗ ಯೂಟ್ಯೂಬ್ ನೋಡಿ ಕುಕ್ಕರ್‌ನಲ್ಲಿ ಕೇಕ್ ಮಾಡ್ತಾನೆ. ಓವನ್ ಇಲ್ಲ ಅಂತ ಅಡಿಗೆ ಒಂದು ಸೇರು ಉಪ್ಪು ಸುರಿದು, ಗ್ಯಾಸ್ಕೆಟ್ಟು, ವಿಶಿಲ್ಲು ತೆಗೆದು, ಮೈದಾ, ಮೊಸರು, ಸೋಡಾ ಎಲ್ಲ ತಕ್ಕಡೀಲಿ ತೂಗಿದಂಗೆ ಅಳೆದು ಕಲಸಿ, ಮುಕ್ಕಾಲು ಗಂಟೆ ಮಿಸುಕದಂಗೆ ಕಾದು ಕೂರ್ತಾನೆ. ಕೇಕು ಉಬ್ಬಿದ್ರೆ ಸಾಕು, ಮನೆ ಮಂದಿ ಎಲ್ಲರ ಸ್ಟೇಟಸ್ಸಲ್ಲೂ ಅದೇ. ಅತ್ತೆ ಮಾವ ಅಂತೂ ಮೊಮ್ಮಗ ಬೆಂಗಳೂರಿನ ದೊಡ್ಡ ಹೋಟ್ಲಲ್ಲಿ ಕೆಲಸ ಹಿಡಿದಂಗೆ ಹಿಗ್ತಾರೆ. ನಾನೂ ತಿಂದಿದೀನಿ, ಚೆನ್ನಾಗೇ ಇತ್ತು. ಮೇಜಿನ ತುಂಬ ಚೆಲ್ಲಿದ ಮೈದಾ, ಅಂಟಿದ ಬಟ್ಟಲು, ಕಪ್ಪಾದ ಕುಕ್ಕರ್ ತಿಕ್ಕಿದ್ದು ಅವರಮ್ಮ. ಇಷ್ಟು ನಾಜೂಕಾಗಿ ಅಳೆದು, ಉರಿ ಸಣ್ಣ ಮಾಡಿ, ಬೆಂದಿದ್ಯಾ ಅಂತ ಕಡ್ಡಿ ಚುಚ್ಚಿ ನೋಡಕ್ಕೆ ಬರೋ ಹುಡುಗನಿಗೆ ಸೋಮವಾರ ರಾತ್ರಿ ಮುದ್ದೆ ತಿರುವಕ್ಕೆ ಯಾಕೆ ಬರಲ್ಲ? ಮುದ್ದೆ ಯಾರೂ ಸ್ಟೇಟಸ್ಸಿಗೆ ಹಾಕಲ್ಲ, ಅದಕ್ಕೇ.

ಸಿರಿಧಾನ್ಯದ ಗಲಾಟೆನೂ ಇಂಥದ್ದೇ. 2023ನೇ ಇಸವಿಯನ್ನ ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಘೋಷಿಸ್ತು. ಹೊಸದುರ್ಗದ ಸಾಮೆಗೆ ಬೆಲೆ ಬಂದ್ರೆ ನಮಗೂ ಸಂತೋಷನೇ. ಆದ್ರೆ ಮೇಳಗಳಲ್ಲಿ ಮೈಕ್ ಹಿಡಿದು ‘ಅಜ್ಜಿ ಕಾಲದ ಅಡುಗೆಗೆ ವಾಪಸ್ ಹೋಗಿ ತಾಯಂದಿರೇ’ ಅಂತಾರಲ್ಲ, ಆ ‘ತಾಯಂದಿರೇ’ ಅನ್ನೋದು ನನ್ನ ಕಿವಿಗೆ ಚುಚ್ತೈತೆ. ಅಜ್ಜಿ ಕಾಲದಲ್ಲಿ ಸಾಮೆ, ನವಣೆ ಅಕ್ಕಿಯಾಗಕ್ಕೆ ಒರಳಿಗೆ ಹಾಕಿ ಒನಕೇಲಿ ಕುಟ್ಟಬೇಕಿತ್ತು, ಕೇರಬೇಕಿತ್ತು, ಮತ್ತೆ ಕುಟ್ಟಬೇಕಿತ್ತು. ರಾಗಿಗೆ ಬೆಳಗಿನ ಜಾವ ಬೀಸೋಕಲ್ಲು. ಮಿಲ್ಲು ಬಂದ್ಮೇಲೆ ಆ ರಟ್ಟೆ ನೋವು ಹೋಯ್ತು. ಗ್ಯಾಸ್ ಬಂದ್ಮೇಲೆ ಹೊಗೆ ಹೋಯ್ತು. ಮಿಷನ್ನಿಗೆ ಎಷ್ಟು ಸಾಧ್ಯವೋ ಅಷ್ಟು ಅದು ಹೊತ್ಕಂಡೈತೆ. ಮನೇಲಿರೋ ಮನುಷ್ಯರು ಹೊರಬೇಕಾಗಿದ್ದು ಮಾತ್ರ ಹಂಗೇ ಉಳಿದೈತೆ. ‘ತಂದೆಯರೇ, ವಾರಕ್ಕೆ ಮೂರು ದಿನ ನವಣೆ ಅನ್ನ ಮಾಡ್ರಿ’ ಅಂತ ಯಾರಾದ್ರೂ ಮೈಕಲ್ಲಿ ಅಂದ್ರೆ ಅವತ್ತು ನಾನೇ ಹೋಗಿ ಮುಂದಿನ ಸಾಲಲ್ಲಿ ಕೂರ್ತೀನಿ.

ಈಗ ನಮ್ಮ ನಮ್ಮಲ್ಲೇ ಒಂದು ಮಾತು. ಗಂಡಸ್ರನ್ನ ಬೈದಷ್ಟೇ ಜೋರಾಗಿ ಇದನ್ನೂ ಹೇಳಬೇಕು, ಯಾರೂ ಬೇಜಾರಾಗಬ್ಯಾಡ್ರಿ. ಗಂಡುಹುಡುಗ ಅಡುಗೆಮನೆಗೆ ಬಂದ್ರೆ ‘ನಿನಗ್ಯಾಕಪ್ಪ ಇದೆಲ್ಲ, ಹೋಗು ಓದ್ಕ’ ಅಂತ ಕಳ್ಸೋದು ಯಾರು? ಸೊಸೆ ಆಫೀಸಿಂದ ತಡವಾಗಿ ಬಂದ ದಿನ ಮಗ ಸಾರು ಬಿಸಿ ಮಾಡಿದ್ರೆ ‘ನನ್ನ ಮಗನ ಕೈಲಿ ಪಾತ್ರೆ ಹಿಡಿಸಿದ್ಲು’ ಅಂತ ಬೀಗರ ಮನೆ ತನಕ ಸುದ್ದಿ ಮುಟ್ಸೋದು ಯಾರು? ತಂಗಳು ಮುದ್ದೆಗೆ ಮಜ್ಜಿಗೆ ಹಾಕಿ ಕಲಸಿ ‘ನನಗಿದೇ ಇಷ್ಟ’ ಅಂತ ಬೆಳಿಗ್ಗೆ ಗೋಡೆ ಕಡೆ ತಿರುಗಿ ಉಣ್ಣೋರು ಯಾರು? ನಿಜವಾಗ್ಲೂ ಇಷ್ಟ ಆದ್ರೆ ಉಣ್ರಿ, ಬೇಸಿಗೇಲಿ ಹೊಟ್ಟೆಗೆ ತಂಪು. ಆದ್ರೆ ಅಷ್ಟು ಒಳ್ಳೇದಾದ್ರೆ ಮನೇಲಿ ಎಲ್ಲರ ತಟ್ಟೆಗೂ ಒಂದೊಂದು ತುತ್ತು ಬೀಳಲಿ. ಮಗಳಿಗೆ ಹತ್ತು ವರ್ಷಕ್ಕೇ ಕೋಲು ಕೊಡ್ತೀವಿ, ಮಗನಿಗೆ ಇಪ್ಪತ್ತಾದ್ರೂ ತಟ್ಟೆ ಎತ್ತಿಡಕ್ಕೆ ಹೇಳಲ್ಲ. ಆ ಹುಡುಗ ನಾಳೆ ಬೆಂಗಳೂರಲ್ಲಿ ರೂಮ್ ಮಾಡ್ಕಂಡು ಪಿಜಿ ಊಟ ಸೇರದೆ ಫೋನ್ ಮಾಡಿ ಅತ್ತಾಗ ನಾವೇ ಕಣ್ಣೀರು ಹಾಕ್ತೀವಿ.

ಕಲಿಸೋದು ಏನು ಬ್ರಹ್ಮವಿದ್ಯೆ ಅಲ್ಲ. ನಾಕು ಜನಕ್ಕೆ ಎರಡು ಲೋಟ ಹಿಟ್ಟು, ನಾಕು ಲೋಟ ನೀರು. ದಪ್ಪ ತಳದ ಪಾತ್ರೇಲಿ ಎಸರಿಟ್ಟು, ಒಂದು ಚಿಟಿಕೆ ಉಪ್ಪು ಹಾಕು ಅನ್ರಿ. ಅದರೊಳಗಿಂದಲೇ ಅರ್ಧ ಲೋಟ ತಣ್ಣೀರು ಮೊದ್ಲೇ ತೆಗೆದಿಟ್ಟು, ಅದಕ್ಕೆ ಒಂದು ಚಮಚ ಹಿಟ್ಟು ಕದಡಿ ಎಸರಿಗೆ ಹುಯ್ದ್ರೆ ಗಂಟಾಗೋ ಭಯ ಅರ್ಧ ಕಡಿಮೆ. ಎಸರು ತಳಪಳ ಕುದ್ದಾಗ ಉಳಿದ ಹಿಟ್ಟನ್ನೆಲ್ಲ ನಡುವೆ ಗುಡ್ಡೆ ಹುಯ್ಯೋದು. ಆಗ ಕೈ ತುರಿಸ್ತೈತೆ, ತಿರುವಬಾರದು. ಕೋಲಲ್ಲಿ ಗುಡ್ಡೆ ಮಧ್ಯ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದಾರು ನಿಮಿಷ ಹಂಗೇ ಬೇಯಕ್ಕೆ ಬಿಡೋದು. ಆಮೇಲೆ ಐತೆ ರಟ್ಟೆ ಕೆಲಸ: ಪಾತ್ರೆ ಗಟ್ಟಿ ಹಿಡ್ಕಂಡು ಅಂಚಿಗೆ ಒತ್ತಿ ಒತ್ತಿ ತಿರುವೋದು, ಒಣ ಹಿಟ್ಟು ಒಂದು ಚೂರೂ ಕಾಣಬಾರದು. ಮುಚ್ಚಳ ಮುಚ್ಚಿ ಇನ್ನೆರಡು ನಿಮಿಷ ಹಬೆ. ಒದ್ದೆ ಬೆರಳಲ್ಲಿ ಮುಟ್ಟಿದ್ರೆ ಅಂಟಬಾರದು, ಅಂಟಿದ್ರೆ ಇನ್ನೂ ಬೆಂದಿಲ್ಲ. ಒದ್ದೆ ಮಣೆ ಮೇಲೆ ಸುರಿದು, ಕೈಗೆ ನೀರು ಮುಟ್ಟಿಸ್ಕಂಡು ಉಂಡೆ ಕಟ್ಟೋದು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟ ಅಂತಾರೆ, ಬೆಟ್ಟ ಕೀಳೋ ರಟ್ಟೆಗೆ ಈ ಕೋಲು ಭಾರನಾ?

ಮೊದಲ ವಾರ ಗಂಟಾಗ್ತೈತೆ. ಆಗ್ಲಿ. ಗಂಟು ಒಡೆದು ಬದಿಗಿಟ್ಟು ಉಣ್ರಿ, ನಗಬ್ಯಾಡ್ರಿ, ‘ಸರ್ಕೋ ನಾನೇ ಮಾಡ್ತೀನಿ’ ಅಂತ ಕೋಲು ಕಿತ್ಕೊಳ್ಳಲೂಬ್ಯಾಡ್ರಿ. ನಾವು ಮೊದ್ಲು ತಿರುವಿದಾಗ ನಮ್ಮ ಕೈಯಿಂದ ಯಾರು ಕಿತ್ಕಂಡ್ರು? ಬೈದ್ರು, ಆದ್ರೂ ನಾಳೆ ಮತ್ತೆ ಕೊಟ್ರು. ವಾರಕ್ಕೆ ಎರಡು ರಾತ್ರಿ ಅಂತ ಶುರು ಮಾಡ್ರಿ. ಮಂಗಳವಾರ ಅಪ್ಪಂದು, ಶುಕ್ರವಾರ ಮಗಂದು, ಅಥವಾ ನಿಮಗೆ ಹೊಂದೋ ದಿನ. ಆ ಎರಡು ದಿನ ಸಾರೂ ಪಾತ್ರೆ ತೊಳೆಯೋದೂ ಅವರದೇ ಲೆಕ್ಕಕ್ಕೆ ಸೇರಲಿ, ಇಲ್ಲಾಂದ್ರೆ ಕೇಕಿನ ಕತೆನೇ ಆಗ್ತೈತೆ. ಅವತ್ತು ನೀವು ಮೊದಲ ಪಂಕ್ತೀಲಿ ಕೂತು, ಬಿಸಿ ಇರೋವಾಗ್ಲೇ ಉಣ್ರಿ. ಯಾರಾದ್ರೂ ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಿದ್ರೆ ಕೂತಲ್ಲಿಂದಲೇ ಹೇಳ್ರಿ.