ಬೆಟ್ಟದ ದಾರಿಗೆ ಹಗುರವಾದ ಮಸೂರಗಳು



ಪಥಿಕನಿಗೆ ಪಾಥೇಯವು ಅವಶ್ಯವೇ ಸರಿ. ಆದರೆ ಅದರ ಭಾರದಿಂದ ಪಯಣವೇ ನಿಂತುಹೋದರೆ ಅದನ್ನು ಹೊತ್ತುದರ ಫಲವೇನು? ಈ ಮಾತು ಛಾಯಾಚಿತ್ರ ತೆಗೆಯುವವರಿಗೂ ಸಲ್ಲುವುದೆಂದು ನನ್ನ ಹಳೆಯ ಶಿಷ್ಯನೊಬ್ಬನಿಂದ ತಿಳಿದೆನು.

ಈತನು ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯವನು. ತಂದೆಯು 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೂ ಅಲ್ಲಿಯೇ ದುಡಿದವರು. ತಾಯಿಯ ತವರು ಕೋಲಾರದ ಅಂತರಗಂಗೆಯ ಬೆಟ್ಟದ ಮೇಲಣ ಹಳ್ಳಿ. ಮೊಳಕಾಲಿನ ಬೇನೆಯಿಂದ ಆಕೆ ಈಗ ಹೊಸ್ತಿಲನ್ನು ದಾಟುವುದೂ ಪ್ರಯಾಸ. "ಚಿಕ್ಕಂದಿನಲ್ಲಿ ಹತ್ತಿ ಇಳಿದ ಆ ಕಾಲುದಾರಿಯನ್ನೂ ಕೆಳಗಿನ ಬಯಲನ್ನೂ ಇನ್ನೊಮ್ಮೆ ಕಾಣಬೇಕು" ಎಂಬುದೊಂದೇ ಆಕೆಯ ಆಸೆ.

ಮಗನು ಯಾರದೋ ಸಲಹೆಯಂತೆ ನಾಲ್ಕು ಮಸೂರಗಳನ್ನು ಹೊತ್ತು ಹೊರಟನು. ಅವುಗಳಲ್ಲಿ ಒಂದೇ, ಕ್ಯಾನನ್ 70-200 ಮಿಲಿಮೀಟರಿನ ಎಫ್ 2.8 ಮಸೂರವು, 1,490 ಗ್ರಾಂ ತೂಗುವುದು. ಬಸವನ ಬಾಯಿಂದ ನೀರು ಸುರಿಯುವ ತೀರ್ಥದವರೆಗೆ ಮೆಟ್ಟಿಲು ಹತ್ತುವಷ್ಟರಲ್ಲೇ ಹೆಗಲು ಸೋತಿತು. ಅಲ್ಲಿಂದಲೇ ಹಿಂದಿರುಗಿ, ಬಂಗಾರಪೇಟೆಯಲ್ಲಿ ರೈಲು ಹತ್ತುವ ಮುನ್ನ ನಮ್ಮ ಮನೆಗೆ ಬಂದು ಖಿನ್ನನಾಗಿ ಕುಳಿತನು.

ಆಗ ನಾವಿಬ್ಬರೂ ಲೆಕ್ಕ ಹಾಕಿದೆವು. ಮಸೂರದ ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹೊಗುವ ದ್ವಾರದ ಅಗಲವು ದೊರೆಯುವುದು. 200 ಮಿಲಿಮೀಟರಿಗೆ ಎಫ್ 2.8ರಲ್ಲಿ ಸುಮಾರು 71 ಮಿಲಿಮೀಟರಿನ ದ್ವಾರ ಬೇಕು. ಅಷ್ಟಗಲದ ಗಾಜೇ ಆ ಭಾರಕ್ಕೆ ಕಾರಣ. ಮಂದ ಬೆಳಕಿನಲ್ಲಿ ಓಡಾಡುವವರನ್ನು ಹಿಡಿಯಲು ಅದು ಉತ್ತಮವಾದುದೇ. ಆದರೆ ಬೆಟ್ಟ ಬಯಲುಗಳನ್ನು ಹತ್ತಿರದಿಂದ ದೂರದವರೆಗೂ ಸ್ಪಷ್ಟವಾಗಿ ತೋರಿಸಲು ದ್ವಾರವನ್ನು ಎಫ್ 8ರಷ್ಟಕ್ಕೆ ಕಿರಿದುಗೊಳಿಸುವುದೇ ವಾಡಿಕೆ. ಆಗ 25 ಮಿಲಿಮೀಟರ್ ಸಾಕು. ಮಿಕ್ಕ ಗಾಜನ್ನು ನಾವು ವೃಥಾ ಹೊತ್ತಂತಾಯಿತು.

ಆತನ ಕ್ಯಾಮರಾವು ಚಿಕ್ಕ ಸಂವೇದಕದ್ದು. ಅದಕ್ಕೆ ಹೊಂದುವ 10-18 ಮಿಲಿಮೀಟರಿನ ವಿಶಾಲದೃಷ್ಟಿಯ ಮಸೂರವು 240 ಗ್ರಾಂ. 55-250 ಮಿಲಿಮೀಟರಿನ ದೂರದೃಷ್ಟಿಯದು 375 ಗ್ರಾಂ. ಎರಡೂ ಸೇರಿ 615 ಗ್ರಾಂ, ಎಂದರೆ ಆ ಒಂದು ಮಸೂರದ ಅರ್ಧಕ್ಕಿಂತಲೂ ಕಡಮೆ. ಮೊದಲನೆಯದು ಕಾಲಬಳಿಯ ಬಂಡೆಯನ್ನೂ ಆಕಾಶವನ್ನೂ ಒಂದೇ ಚಿತ್ರದಲ್ಲಿ ಅಡಗಿಸುವುದು, ಆದರೆ ದೂರದ ಬೆಟ್ಟವನ್ನು ಇರುವೆಯಾಗಿಸುವುದು. ಎರಡನೆಯದು ದೂರದ ಸಾಲುಗಳನ್ನು ಒತ್ತಾಗಿ ತರುವುದು. ಮುಂಜಾವಿನಲ್ಲಿ ಕೈ ನಡುಗಿದರೆ ಬಂಡೆಯ ಮೇಲೆ ಚೀಲವನ್ನಿಟ್ಟು ಅದರ ಮೇಲೆ ಕ್ಯಾಮರಾವನ್ನು ಊರತಕ್ಕದ್ದು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಗಣಿಯ ಸಯನೈಡ್ ದಿಬ್ಬಗಳ ಮೈಮೇಲೆ ಮಳೆಯು ಕೊರೆದ ಕೊರಕಲುಗಳು ಬೆಳಗಿನ ಓರೆಬಿಸಿಲಿನಲ್ಲಿ ಚೆನ್ನಾಗಿ ಕಾಣುವುವು. ಅವನ್ನು ರಸ್ತೆಯಿಂದಲೇ ತೆಗೆಯಿರಿ. ಆ ಧೂಳು ಶ್ವಾಸಕ್ಕೂ ಮಸೂರಕ್ಕೂ ಹಿತವಲ್ಲ.

ಶಿಷ್ಯನು ಭಾರವಾದುದನ್ನು ಮಾರಿ, ಬಳಸಿದ ಈ ಎರಡನ್ನು ಕೊಂಡು, ಒಂದು ಮಾಸದ ತರುವಾಯ ಮತ್ತೆ ಬೆಟ್ಟ ಹತ್ತಿದನು. ಚಿತ್ರಗಳನ್ನು ತಾಯಿಗೆ ತೋರಿಸುವಾಗ ನಾನೂ ಅಲ್ಲಿದ್ದೆನು. ಬಯಲಿನ ಚಿತ್ರವನ್ನು ಆಕೆ ಸುಮ್ಮನೆ ನೋಡಿದರು. ಕಾಲುದಾರಿಯ ಚಿತ್ರದಲ್ಲಿ ಮಾತ್ರ ಒಂದು ಬಂಡೆಯ ಮೇಲೆ ಬೆರಳಿಟ್ಟು, "ಸಂತೆಗೆ ಹೋದ ಅಪ್ಪನಿಗಾಗಿ ಇದರ ಮೇಲೆಯೇ ಕೂತು ಕಾಯುತ್ತಿದ್ದೆ" ಎಂದರು. ಆ ಬಂಡೆಯು ತೀರ್ಥಕ್ಕಿಂತ ಬಹಳ ಮೇಲಿದೆ.

ಮಸೂರವನ್ನು ಕೊಳ್ಳುವ ಮುನ್ನ ವಾಚಕರು ಅದರ ಬೆಲೆಯೊಡನೆ ತೂಕವನ್ನೂ ಕೇಳಿ, ಅಷ್ಟು ಭಾರವನ್ನು ಚೀಲದಲ್ಲಿಟ್ಟು ಒಂದು ಗಂಟೆ ನಡೆದು ನೋಡಲಿ.