ಸೇತುವೆಯ ಮೊದಲ ಲೆಕ್ಕ

ಹಂಪಿಯ ತಳವಾರಘಟ್ಟಕ್ಕೂ ಗಂಗಾವತಿ ತಾಲೂಕಿನ ಆನೆಗೊಂದಿಗೂ ನಡುವೆ ಹರಿಯುವ ತುಂಗಭದ್ರೆಯು ಸೇತುವೆ ಕಟ್ಟುವವರಿಗಾಗಿ ಎರಡು ಪಾಠಗಳನ್ನು ಕಾದಿರಿಸಿದೆ. ಮೊದಲನೆಯದು ವಿಜಯನಗರ ಕಾಲದ ಸೇತುವೆಯ ಶಿಲಾಸ್ತಂಭಗಳು. ಮೇಲಿನ ಹಾಸು ಎಂದೋ ಅಳಿದುಹೋಗಿದ್ದರೂ ಸ್ತಂಭಗಳು ಪ್ರವಾಹಗಳನ್ನು ಸಹಿಸಿ ಇಂದಿಗೂ ನಿಂತಿವೆ. ಎರಡನೆಯದು, ಇದೇ ಕಾಲದಲ್ಲಿ ಆರಂಭವಾಗಿ ಪೂರ್ಣಗೊಳ್ಳದೆ ಉಳಿದ ಸೇತುವೆ. 2009ರ ಜನವರಿ 22ರಂದು, ಕೆಲಸ ನಡೆಯುತ್ತಿರುವಾಗಲೇ ಅದು ಕುಸಿದು ಕಾರ್ಮಿಕರು ಪ್ರಾಣ ತೆತ್ತರು.

ಆ ಸೇತುವೆಯ ಕಥೆ ಕುಸಿತದಿಂದ ಆರಂಭವಾದುದಲ್ಲ. 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮನ್ನಣೆ ಪಡೆದಿದ್ದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯಕ್ಕೊಳಗಾದ ತಾಣಗಳ ಪಟ್ಟಿಗೆ ಸೇರಿಸಿತು. ರಕ್ಷಿತ ಪ್ರದೇಶದೊಳಗೆ ಏಳುತ್ತಿದ್ದ ಎರಡು ಕೇಬಲ್ ಸೇತುವೆಗಳೇ ಅದಕ್ಕೆ ಮುಖ್ಯ ಕಾರಣ: ಆನೆಗೊಂದಿಯ ಈ ವಾಹನ ಸೇತುವೆ ಮತ್ತು ವಿರೂಪಾಪುರ ಗಡ್ಡೆಯ ಕಾಲುಸೇತುವೆ. ಕಾಲುಸೇತುವೆಯನ್ನು ಕಳಚಿ ತೆಗೆಯಲಾಯಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಇಷ್ಟೆಲ್ಲ ನಡೆದರೂ ಹರಿಗೋಲಿನಲ್ಲಿ ನದಿ ದಾಟುತ್ತಿದ್ದ ಜನರಿಗೆ ಅಲ್ಲಿ ಸೇತುವೆ ದೊರೆಯಲಿಲ್ಲ. ಮುಂದೆ ರಸ್ತೆಯ ದಾರಿ ಬೇರೆಡೆ, ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಆಗಬೇಕಾಯಿತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಸಿವಿಲ್ ಇಂಜಿನಿಯರಿಂಗ್ ಓದಲು ಹೋಗುವ ತರುಣ ತರುಣಿಯರಿಗೆ ಈ ಸ್ಥಳಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. ಕೇಬಲ್ ಸೇತುವೆಯ ಪ್ರಾಥಮಿಕ ವಿನ್ಯಾಸವನ್ನು ಅವರಿಗೆ ಇಲ್ಲಿಂದಲೇ, ಕೈಲೆಕ್ಕದಿಂದಲೇ ಕಲಿಸಬೇಕು. ಗಣಕಯಂತ್ರ ಆಮೇಲೆ ಬರಲಿ.

ಜನಸಾಮಾನ್ಯರು ತೂಗುಸೇತುವೆ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಗೋಪುರದಿಂದ ಗೋಪುರಕ್ಕೆ ಇಳಿಬಿದ್ದ ದೊಡ್ಡ ಹಗ್ಗಕ್ಕೆ ಹಾಸು ತೂಗುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜರು ಹಳ್ಳಿಹಳ್ಳಿಗಳಿಗೆ ಕಟ್ಟಿಕೊಟ್ಟ ಕಾಲುಸೇತುವೆಗಳು ಈ ಜಾತಿಯವು. ಇನ್ನೊಂದರಲ್ಲಿ ಕೇಬಲ್‌ಗಳು ಗೋಪುರದಿಂದ ಓರೆಯಾಗಿ, ನೇರವಾಗಿ ಇಳಿದು ಹಾಸನ್ನು ಹಿಡಿದೆತ್ತುತ್ತವೆ. ಕಲ್ಕತ್ತೆಯಲ್ಲಿ 1992ರಲ್ಲಿ ತೆರೆದ ವಿದ್ಯಾಸಾಗರ ಸೇತು ಈ ಜಾತಿಯದು, ಅದರ ನಡುಗಣ್ಣಿನ ಅಗಲ 457 ಮೀಟರು. ಈ ಎರಡನೆಯ ಬಗೆಯ ಮೊದಲ ಲೆಕ್ಕ ಹೈಸ್ಕೂಲಿನ ತ್ರಿಕೋನಮಿತಿ ಬಲ್ಲವರಿಗೂ ಎಟಕುವಂಥದು.

ನಡುಗಣ್ಣು 200 ಮೀಟರ್ ಎಂದಿಟ್ಟುಕೊಳ್ಳೋಣ. ಹಾಸಿನಿಂದ ಮೇಲಕ್ಕೆ ಗೋಪುರದ ಎತ್ತರ ಅದರ ನಾಲ್ಕನೆಯ ಅಥವಾ ಐದನೆಯ ಒಂದು ಭಾಗ, ಎಂದರೆ 40ರಿಂದ 50 ಮೀಟರ್ ಇರುವುದು ರೂಢಿ. ಪಕ್ಕದ ಕಣ್ಣುಗಳು ನಡುಗಣ್ಣಿನ ಅರ್ಧಕ್ಕಿಂತ ಕೊಂಚ ಕಡಿಮೆ, ಸುಮಾರು 80 ಮೀಟರ್. ನಡುವೆ ಭಾರ ಬಿದ್ದಾಗ ಗೋಪುರದ ತುದಿ ನದಿಯತ್ತ ಬಾಗದಂತೆ ಹಿಂಗಡೆಯ ಕೇಬಲ್‌ಗಳು ಅದನ್ನು ದಡದತ್ತ ಬಿಗಿದು ಹಿಡಿಯಬೇಕು. ಪಕ್ಕದ ಕಣ್ಣು ಗಿಡ್ಡವಾಗಿರುವುದಕ್ಕೆ ಇದೇ ಕಾರಣ. ಇನ್ನು ಹಾಸಿನ ತೂಕ, ವಾಹನಗಳ ಭಾರ ಎರಡೂ ಕೂಡಿ ಮೀಟರಿಗೆ 20 ಟನ್ ಆಗಿ, 10 ಮೀಟರಿಗೊಂದು ಜೋಡಿ ಕೇಬಲ್ ಇದ್ದರೆ ಒಂದು ಜೋಡಿಯ ಪಾಲಿಗೆ ಬರುವುದು 200 ಟನ್. ಕೇಬಲಿನ ಎಳೆತವು ಈ ಭಾರವನ್ನು ಅದರ ಓರೆಯ ಕೋನದ ಸೈನಿನಿಂದ ಭಾಗಿಸಿದಷ್ಟು.

ಬಟ್ಟೆ ಒಣಹಾಕುವ ಹಗ್ಗವನ್ನು ನೆಟ್ಟಗೆ ಬಿಗಿದಷ್ಟೂ ಗೂಟ ಕಿತ್ತುಬರುವುದನ್ನು ಕಂಡವರಿಗೆ ಇದರ ಅರ್ಥ ತಾನೇ ಹೊಳೆಯುತ್ತದೆ. 50 ಮೀಟರ್ ಗೋಪುರದ ತುದಿಯಿಂದ ನಡುಗಣ್ಣಿನ ಮಧ್ಯಕ್ಕೆ ಇಳಿಯುವ ಕೇಬಲ್ ಜೋಡಿಯ ಎಳೆತ ಸುಮಾರು 447 ಟನ್. ಕಣ್ಣಿಗೆ ಬೀಳದಿರಲೆಂದು ಗೋಪುರವನ್ನು 25 ಮೀಟರಿಗೆ ಇಳಿಸಿದರೆ ಅದೇ ಎಳೆತ ಸುಮಾರು 825 ಟನ್ನಿಗೆ ಏರುತ್ತದೆ. ಹಾಸನ್ನು ಉದ್ದಕ್ಕೆ ಒತ್ತುವ ಬಲ ಇಮ್ಮಡಿಯಾಗುತ್ತದೆ.

ಈ ಪುಟ್ಟ ಲೆಕ್ಕದಲ್ಲಿಯೇ ಆನೆಗೊಂದಿಯ ಇಕ್ಕಟ್ಟು ಅಡಗಿದೆ. ಕೇಬಲ್ ಸೇತುವೆಯನ್ನು ಬಯಸಿದವನು ಎತ್ತರದ ಗೋಪುರವನ್ನೂ ಬಯಸಿದಂತೆಯೇ. ಗುಡಿಗೋಪುರಗಳೂ ಬಂಡೆಗುಡ್ಡಗಳೂ ಕೂಡಿ ಒಂದೇ ಚಿತ್ರವಾಗಿರುವ ನೆಲದಲ್ಲಿ ಆ ಎತ್ತರ ಕಾಣದಿರುವುದು ಸಾಧ್ಯವಿಲ್ಲ. ಒಂದು ಹಾಳೆಯ ಮೇಲೆ ಅರ್ಧ ಗಂಟೆಯಲ್ಲಿ ತಿಳಿಯುವ ಈ ಸತ್ಯವನ್ನು ಕಾಮಗಾರಿ ಆರಂಭವಾದ ಬಳಿಕ ಚರ್ಚಿಸುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರಾಥಮಿಕ ವಿನ್ಯಾಸವೆಂದರೆ ಅಳತೆಗಳ ಅಂದಾಜು ಮಾತ್ರವಲ್ಲ. ಇಲ್ಲಿ ಇಂಥ ಸೇತುವೆ ಬೇಕೆ ಎಂಬ ಪ್ರಶ್ನೆಗೆ ಕೊಡುವ ಪ್ರಾಮಾಣಿಕ ಉತ್ತರವೂ ಹೌದು. ಶರಾವತಿಯ ಹಿನ್ನೀರಿನಲ್ಲಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, 2025ರ ಜುಲೈ 14ರಂದು ಉದ್ಘಾಟನೆಗೊಂಡ ಸಿಗಂದೂರು ಸೇತುವೆಗೆ ಕೇಬಲ್ ಒಪ್ಪುತ್ತದೆ; ಆಳವಾದ ನೀರಿನಲ್ಲಿ ಕಂಬಗಳು ಕಡಿಮೆಯಾದಷ್ಟೂ ಲೇಸು. ಬಂಡೆಯೇ ತಳವಾಗಿರುವ ತುಂಗಭದ್ರೆಯಲ್ಲಿ ವಿಜಯನಗರದ ಶಿಲ್ಪಿಗಳು ಕಂಬದ ಪಕ್ಕ ಕಂಬ ನಿಲ್ಲಿಸಿದರು. ಎರಡೂ ಸ್ಥಳದ ಮಾತನ್ನು ಕೇಳಿ ಕೈಗೊಂಡ ತೀರ್ಮಾನಗಳು.

ಎರಡನೆಯ ಪಾಠ ಕಟ್ಟುವ ಕ್ರಮದ್ದು. ಪೂರ್ಣಗೊಂಡ ಕೇಬಲ್ ಸೇತುವೆ ಒಂದು ರಚನೆ. ಅರ್ಧ ಕಟ್ಟಿದ್ದು ಬೇರೆಯೇ ರಚನೆ. ಗೋಪುರದ ಎರಡೂ ಕಡೆಗೆ ತಕ್ಕಡಿಯ ತಟ್ಟೆಗಳಂತೆ ಹಾಸು ಚಾಚುತ್ತ ಹೋಗುವಾಗ, ಒಂದು ಕಡೆ ಕಾಂಕ್ರೀಟು ಬಿದ್ದು ಇನ್ನೊಂದು ಕಡೆ ಬೀಳದಿರುವ ಘಳಿಗೆಯಲ್ಲಿ, ಅದು ತನ್ನ ಆಯುಷ್ಯದ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸುವುದುಂಟು. ಆ ಹೊತ್ತಿನಲ್ಲಿ ಅದರ ಮೇಲಿರುವವರು ಸಚಿವರೂ ಅಲ್ಲ, ಪ್ರವಾಸಿಗಳೂ ಅಲ್ಲ, ಕೂಲಿಯ ಜನ. ಆದುದರಿಂದ ಪ್ರತಿ ಹಂತದ ಚಿತ್ರವನ್ನೂ ವಿದ್ಯಾರ್ಥಿಯು ಬರೆದು, ಪ್ರತಿ ಹಂತದಲ್ಲೂ ಸಮತೋಲವನ್ನು ತಾಳೆ ನೋಡಬೇಕು. ಒಂದು ಕೇಬಲ್ ತುಂಡಾದರೆ ಉಳಿದವು ತಡೆದುಕೊಳ್ಳುವವೆ ಎಂದೂ ಕೇಳಿಕೊಳ್ಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದನ್ನು ಈ ಸೀಮೆಯ ರೈತರು ಮರೆತಿಲ್ಲ. ಎಳೆತ ಹೊರುವ ಒಂದು ಕೊಂಡಿ ಸೋತರೆ ಏನಾಗುವುದೆಂಬುದಕ್ಕೆ ಮನೆಬಾಗಿಲಿನ ನಿದರ್ಶನವಿದು.

ಗಣಕಯಂತ್ರವಿರುವಾಗ ಕೈಲೆಕ್ಕವೇಕೆ ಎಂಬ ಆಕ್ಷೇಪ ಬರಬಹುದು. ಸ್ವೀಡನ್ನಿನಲ್ಲಿ 1955ರಲ್ಲಿ ಕಟ್ಟಿದ ಸ್ಟ್ರೋಮ್ಸುಂಡ್ ಸೇತುವೆಯಿಂದ ಈ ಬಗೆಯ ಆಧುನಿಕ ಯುಗ ಆರಂಭವಾಯಿತು. ನಡುಗಣ್ಣು ಸುಮಾರು 183 ಮೀಟರು. ಅದರಲ್ಲಿ ಕೇಬಲ್‌ಗಳು ಕೆಲವೇ. ಇಂದಿನಂತೆ ಹತ್ತಾರು ಕೇಬಲ್‌ಗಳನ್ನು ಒತ್ತೊತ್ತಾಗಿ ಇಡಲು ಗಣಕಯಂತ್ರವೇ ದಾರಿ ಮಾಡಿಕೊಟ್ಟಿತೆಂಬುದು ನಿಜ. ಆದರೆ ಅದು ಕೊಟ್ಟ ಅಂಕಿಗಳನ್ನೇ ಲೆಕ್ಕ ಹಾಕುತ್ತದೆ. 447 ಬರಬೇಕಾದಲ್ಲಿ 44 ಬಂದರೆ ಬೆಚ್ಚಿಬೀಳುವ ಬುದ್ಧಿಯನ್ನು ಅದು ಕೊಡಲಾರದು. ಆ ಬುದ್ಧಿ ಕೈಯಿಂದ ಲೆಕ್ಕ ಮಾಡಿದವರಿಗೆ ಮಾತ್ರ ದಕ್ಕುವಂಥದು.

ಆದುದರಿಂದ ಈ ಭಾಗದ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆಯಾದರೂ ಆನೆಗೊಂದಿಯ ದಡಕ್ಕೆ ಕರೆದೊಯ್ಯಬೇಕು. ನದಿಯ ಅಗಲವನ್ನು ಅವರೇ ಅಳೆಯಲಿ, ಬಂಡೆಯನ್ನು ಅವರೇ ಮುಟ್ಟಿ ನೋಡಲಿ, ಹರಿಗೋಲಿನವರನ್ನೂ ಊರಿನ ಹಿರಿಯರನ್ನೂ ಪ್ರವಾಹದ ಮಟ್ಟ ಕೇಳಿಕೊಳ್ಳಲಿ. ಬಳಿಕ ಕೇಬಲ್ ಸೇತುವೆಗೊಂದು, ಸಾಮಾನ್ಯ ಸೇತುವೆಗೊಂದು ಪ್ರಾಥಮಿಕ ವಿನ್ಯಾಸ ಬರೆದು, ಯಾವುದು ತಕ್ಕದ್ದು, ಎಲ್ಲಿ ತಕ್ಕದ್ದು ಎಂದು ಕಾರಣಸಹಿತ ತಿಳಿಸಲಿ. ಇಲ್ಲಿ ಕೇಬಲ್ ಸೇತುವೆ ಬೇಡವೆಂದು ಸರಿಯಾದ ಲೆಕ್ಕದಿಂದ ತೋರಿಸಿದವರಿಗೂ ಪೂರ್ಣ ಅಂಕಗಳು ದೊರೆಯಬೇಕು. ಬೇಡವೆನ್ನುವ ಧೈರ್ಯವನ್ನು ತರಗತಿಯಲ್ಲಿ ಕಲಿಯದವರು ಕಚೇರಿಯಲ್ಲಿ ಅದನ್ನು ಕಲಿಯುವುದು ಕಷ್ಟ.